ಎಷ್ಟು ಹೊಲಿಗೆ ಬಿತ್ತು?

ಕಡೂರು ತಾಲ್ಲೂಕಿನ ಸಿಂಗಟಗೆರೆಯ ಸುತ್ತಲಿನದು ತೆಂಗಿನ ಸೀಮೆ. ಮಚ್ಚು ಕುಡುಗೋಲುಗಳನ್ನು ನಿತ್ಯವೂ ಹಿಡಿಯುವ ಊರುಗಳಲ್ಲಿ ಗಾಯಗಳೂ ತಪ್ಪಿದ್ದಲ್ಲ. ಕೈಯನ್ನೋ ಕಾಲನ್ನೋ ಕೊಯ್ದುಕೊಂಡು ಆಸ್ಪತ್ರೆಗೆ ಹೋಗಿಬಂದವನನ್ನು ನೆರೆಯವರು ಮೊದಲು ಕೇಳುವ ಪ್ರಶ್ನೆ, "ಎಷ್ಟು ಹೊಲಿಗೆ ಬಿತ್ತು?" ಎಂಬುದು. ಏಳು ಎಂದರೆ ಮರುಕ. ಹನ್ನೆರಡು ಎಂದರೆ ಒಂದು ಬಗೆಯ ಗೌರವ! ಒಂದೂ ಇಲ್ಲವೆಂದರೆ ಡಾಕ್ಟರ ಮೇಲೆಯೇ ಗುಮಾನಿ. ಈ ಎಣಿಕೆ ತಪ್ಪೆಂಬುದು ನಮ್ಮ ಅಭಿಪ್ರಾಯ. ಗಾಯವನ್ನು ಹೇಗೆ ತೊಳೆದರು ಎಂದು ಕೇಳುವುದು ಲೇಸು.

ಗಾಯವನ್ನು ಮಾಯಿಸುವುದು ಹೊಲಿಗೆಯಲ್ಲ, ಚರ್ಮವೇ. ಕೊಯ್ದ ಅಂಚುಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಮೇಲ್ಪದರದ ಜೀವಕೋಶಗಳು ಎರಡು ದಿನಗಳೊಳಗೆ ಬಿರುಕನ್ನು ದಾಟಿ ಕೂಡಿಕೊಳ್ಳುತ್ತವೆ. ಆಳದಲ್ಲಿ ಕೊಲ್ಯಾಜೆನ್ ಎಂಬ ನಾರು ಹೆಣೆದುಕೊಳ್ಳುವುದು ಮಾತ್ರ ನಿಧಾನ. ಮೂರು ವಾರಗಳಾದರೂ ಆ ಜಾಗಕ್ಕೆ ಮೊದಲಿನ ಬಲದ ಐದನೆಯ ಒಂದು ಪಾಲಷ್ಟೇ ಬಂದಿರುತ್ತದೆ. ತಿಂಗಳುಗಳು ಉರುಳಿದ ಮೇಲೂ ಅದು ಶೇಕಡ 80ನ್ನು ಮೀರುವುದಿಲ್ಲ. ಅಂಚುಗಳು ಸರಿಯದಂತೆ ಹಿಡಿದಿಡುವುದಷ್ಟೇ ದಾರದ ಕೆಲಸ. ಮುಖದಲ್ಲಿ ಸುಮಾರು ಐದು ದಿನ, ಕಾಲಿನಲ್ಲಿ ಹತ್ತರಿಂದ ಹದಿನಾಲ್ಕು ದಿನ ಅದು ಇದ್ದರೆ ಸಾಕು. ಅತಿ ಬಿಗಿಯಾಗಿ ಕಟ್ಟಿದ ಗಂಟು ಅಂಚಿಗೆ ಹರಿಯುವ ನೆತ್ತರನ್ನೇ ತಡೆದು ಕೆಡುಕು ಮಾಡುವುದೂ ಉಂಟು.

ಹೊಲಿಗೆಯಿಲ್ಲದೆ ಚರ್ಮ ಕೂಡುವುದೆ ಎಂದು ಸಂದೇಹಿಸುವವರು ನಮ್ಮ ನಾಡಿನ ಚರಿತ್ರೆಯನ್ನೇ ನೋಡಬಹುದು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಪರವಾಗಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತನು ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕಿ ಮೂಗನ್ನು ಕಳೆದುಕೊಂಡ. ಸುಮಾರು ಒಂದು ವರ್ಷದ ತರುವಾಯ ಪುಣೆಯ ಬಳಿ ಇಟ್ಟಿಗೆಗಾರರ ಕುಲದವನೊಬ್ಬನು ಹಣೆಯ ಚರ್ಮವನ್ನು ಇಳಿಸಿ ಅವನಿಗೆ ಹೊಸ ಮೂಗನ್ನು ಕೂಡಿಸಿದ. ಈ ಸಂಗತಿಯು 1794ರಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಪ್ರಕಟವಾಗಿ ಯೂರೋಪಿನ ಶಸ್ತ್ರವೈದ್ಯರನ್ನು ಬೆರಗುಗೊಳಿಸಿತು. ಆತ ಬಳಸಿದ್ದು ಸೂಜಿಯನ್ನಲ್ಲ. ನೀರಿನಲ್ಲಿ ಮೆತುವಾಗಿಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಹಚ್ಚಿ, ಒಂದರ ಮೇಲೊಂದರಂತೆ ಐದಾರು ಪಟ್ಟಿಗಳನ್ನು ಅಂಟಿಸಿ, ನಾಲ್ಕು ದಿನ ಬಿಟ್ಟನಂತೆ. ವೀಳ್ಯದೊಡನೆ ಮೆಲ್ಲುವ ಕಾಚೇ ಅದು! ಇಂದು ಆಸ್ಪತ್ರೆಗಳಲ್ಲಿ ಸಣ್ಣ ಗಾಯಗಳಿಗೆ ಅಂಟುಪಟ್ಟಿಯನ್ನೂ ಅಂಟುದ್ರವವನ್ನೂ ಬಳಸುವುದು ಇದೇ ತತ್ತ್ವದ ಮೇಲೆ.

ಸೀಳಿದ ಗಾಯ ಆಳವಾಗಿದ್ದು ಬಾಯಿ ಬಿಟ್ಟಿದ್ದರೆ ಹೊಲಿಗೆ ಬೇಕೇ ಬೇಕು. ಅದನ್ನು ಅಲ್ಲಗಳೆಯುವವರು ನಾವಲ್ಲ. ಆದರೆ ಮಣ್ಣು, ಸಗಣಿ, ತೆಂಗಿನ ನಾರಿನ ಚೂರು ಒಳಗಿರುವಾಗಲೇ ಮೇಲೆ ಹೊಲಿದುಬಿಟ್ಟರೆ ಕೀವಿಗೆ ಕೋಣೆ ಕಟ್ಟಿ ಬಾಗಿಲು ಹಾಕಿದಂತೆ. ನೆತ್ತರು ನಿಲ್ಲಲೆಂದು ಕಾಫಿಪುಡಿಯನ್ನೋ ಸುಣ್ಣವನ್ನೋ ತುಂಬಿಕೊಂಡು ಬಂದವರಿಗೆ ಅದನ್ನೆಲ್ಲ ತೊಳೆದು ತೆಗೆಯುವಷ್ಟರಲ್ಲಿ ಹೊಸ ನೋವು. ಚೊಕ್ಕ ಬಟ್ಟೆಯಿಂದ ಒತ್ತಿ ಹಿಡಿದರೆ ನೆತ್ತರು ಸಾಮಾನ್ಯವಾಗಿ ನಿಲ್ಲುತ್ತದೆ. ನಾಯಿ ಕಚ್ಚಿದ್ದಾದರೆ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ನಡೆಯಬೇಕು. ಅಲ್ಲಿ ಲಸಿಕೆ ಮೊದಲು, ಹೊಲಿಗೆಯ ಮಾತು ಆಮೇಲೆ. ಧನುರ್ವಾಯುವಿನ ಚುಚ್ಚುಮದ್ದನ್ನು ಯಾವ ಕೊಳಕು ಗಾಯಕ್ಕೂ ಮರೆಯಲಾಗದು.

ಇಂಥ ಗಾಯವನ್ನು ತೊಳೆದು ತೆರೆದೇ ಬಿಟ್ಟು, "ನಾಲ್ಕನೆಯ ದಿನ ಬನ್ನಿ, ಕೀವಿಲ್ಲದಿದ್ದರೆ ಆಗ ಹೊಲಿಯೋಣ" ಎನ್ನುವ ಡಾಕ್ಟರು ಉದಾಸೀನರಲ್ಲ, ಬಲ್ಲವರು. ಸಿಂಗಟಗೆರೆಯವರಿಗೆ ಅದು ಕಡೂರಿಗೆ ಮತ್ತೊಂದು ಸಲದ ಬಸ್ಸಿನ ಖರ್ಚು, ಮತ್ತೊಂದು ದಿನದ ಕೂಲಿಯ ನಷ್ಟವೆಂಬುದನ್ನು ನಾವು ಬಲ್ಲೆವು. ಆದರೂ ಆ ದಿನ ತಪ್ಪದೆ ಹೋಗಿಬರಬೇಕು.