ಮೂತ್ರಕೋಶದಲ್ಲಿ ಉಳಿಯುವ ಶಿಲ್ಕು

ಸೇವೆಯ ಕೊನೆಯ ವರ್ಷಗಳಲ್ಲಿ ಪ್ರಗತಿ ಪರಿಶೀಲನಾ ಸಭೆಗಳಿಗೆ ನಾನು ಎಲ್ಲರಿಗಿಂತ ಮೊದಲೇ ಹೋಗುತ್ತಿದ್ದೆ. ಸಹೋದ್ಯೋಗಿಗಳು ಅದನ್ನು ಸಮಯಪಾಲನೆಯೆಂದು ಮೆಚ್ಚಿದ್ದುಂಟು. ನನಗೆ ಬೇಕಿದ್ದುದು ಬಾಗಿಲ ಬಳಿಯ ಕುರ್ಚಿ. ಗಂಟೆಗೊಮ್ಮೆ ಎದ್ದುಹೋಗಬೇಕಾಗುತ್ತಿತ್ತು. ಮೂತ್ರ ಹೆಚ್ಚಾಗುತ್ತಿದೆಯೆಂದು ಭಾವಿಸಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ.

ಲೆಕ್ಕವೇ ತಪ್ಪಾಗಿತ್ತು. ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಂತೆ ಪ್ರಾಸ್ಟೇಟ್ ಗ್ರಂಥಿಯಿದೆ. ವಯಸ್ಸಾದಂತೆ ಅದು ಬೆಳೆದು ನಾಳವನ್ನು ಒತ್ತಬಹುದು. 60 ದಾಟಿದ ಪುರುಷರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ಬೆಳವಣಿಗೆ ಇರುತ್ತದೆ. ಇದು ಕ್ಯಾನ್ಸರ್ ಅಲ್ಲ, ಎಲ್ಲರನ್ನೂ ಕಾಡುವುದೂ ಇಲ್ಲ. ಕಾಡಿದಾಗ ಮಾತ್ರ ಮೂತ್ರಕೋಶ ಪೂರ್ತಿ ಬರಿದಾಗದೆ, ಖಜಾನೆಯ ಭಾಷೆಯಲ್ಲಿ ಹೇಳುವುದಾದರೆ, ಪ್ರತಿ ಸಲವೂ ಶಿಲ್ಕು ಉಳಿಯುತ್ತದೆ. ಅರ್ಧ ತುಂಬಿದ ಕೊಡ ಬೇಗ ತುಂಬುವುದು ಸಹಜವಲ್ಲವೇ?

ನಿವೃತ್ತಿಯ ನಂತರ ಒಮ್ಮೆ ನೆಗಡಿಯೆಂದು ಔಷಧಿ ಅಂಗಡಿಯಲ್ಲಿ ಮಾತ್ರೆ ಕೇಳಿ ನುಂಗಿದೆ. ಆ ರಾತ್ರಿ ಮೂತ್ರ ಸಂಪೂರ್ಣ ಕಟ್ಟಿತು. ಆಸ್ಪತ್ರೆಯಲ್ಲಿ ಕ್ಯಾತಿಟರ್ ಹಾಕುವವರೆಗಿನ ಮೂರು ಗಂಟೆಗಳನ್ನು ಇಲ್ಲಿ ವರ್ಣಿಸಲಾರೆ. ನೆಗಡಿ ಮಾತ್ರೆಗಳಲ್ಲಿನ ಕೆಲವು ಔಷಧಗಳು ಮೂತ್ರಕೋಶದ ಕುತ್ತಿಗೆಯನ್ನು ಬಿಗಿಗೊಳಿಸುತ್ತವೆ, ಕೆಲವು ಅದರ ಸ್ನಾಯುವಿನ ಶಕ್ತಿ ಕುಂದಿಸುತ್ತವೆ ಎಂಬುದು ಆಮೇಲೆ ತಿಳಿಯಿತು. ಅಂಗಡಿಯವರು ಏನನ್ನೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ನೋವಾದದ್ದರಿಂದ ಆಸ್ಪತ್ರೆಗೆ ಓಡಿದೆ. ನಿಧಾನವಾಗಿ ಬೆಳೆಯುವ ತಡೆಯಲ್ಲಿ ಅನೇಕ ವೇಳೆ ನೋವೇ ಇರದು. ತುಂಬಿದ ಕೋಶದಿಂದ ಮೂತ್ರ ತೊಟ್ಟಿಕ್ಕುತ್ತದೆ, ಮನೆಯವರು ವೃದ್ಧಾಪ್ಯವೆಂದು ಬಟ್ಟೆ ಬದಲಿಸುತ್ತಾರೆ. ಅತ್ತ ಹಿಮ್ಮುಖ ಒತ್ತಡಕ್ಕೆ ಸಿಲುಕಿದ ಮೂತ್ರಪಿಂಡಗಳು ಸದ್ದಿಲ್ಲದೆ ಕೆಡುತ್ತಿರುತ್ತವೆ. ಗರ್ಭಕೋಶ ಜಾರಿದ ಮಹಿಳೆಯರಲ್ಲೂ ಇಂಥ ತಡೆ ಉಂಟಾಗಬಹುದು. ಅವರಂತೂ ಯಾರಲ್ಲಿ ಹೇಳಿಕೊಂಡಾರು?

ಮೂತ್ರ ಮಾಡಿದ ಮೇಲೆ ಎಷ್ಟು ಉಳಿದಿದೆಯೆಂದು ಅಲ್ಟ್ರಾಸೌಂಡ್ ಕೆಲವೇ ನಿಮಿಷಗಳಲ್ಲಿ ತೋರಿಸುತ್ತದೆ. ಟ್ಯಾಮ್ಸುಲೋಸಿನ್ ಮಾತ್ರೆ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಅದು ಸಾಲದಿದ್ದರೆ ಮೂತ್ರನಾಳದ ಮೂಲಕವೇ ಶಸ್ತ್ರಚಿಕಿತ್ಸೆ ಮಾಡಬಹುದು. ಮೂತ್ರಪಿಂಡ ಸೋತ ಮೇಲೆ ವಾರಕ್ಕೆ ಎರಡು-ಮೂರು ಸಲ ಡಯಾಲಿಸಿಸ್. ಇವೆರಡರ ವೆಚ್ಚ ಹೋಲಿಸಲು ಅರ್ಥಶಾಸ್ತ್ರದ ಎಂ.ಎ. ಬೇಕಿಲ್ಲ. ಹಿರಿಯರ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಶುಗರ್ ಜೊತೆಗೆ ಎರಡು ಪ್ರಶ್ನೆಗಳನ್ನೂ ಕಡ್ಡಾಯವಾಗಿ ಕೇಳಬೇಕು: ರಾತ್ರಿ ಎಷ್ಟು ಸಲ ಏಳುತ್ತೀರಿ? ಮೂತ್ರದ ಧಾರೆ ಹೇಗಿದೆ?

ನಿವೃತ್ತರ ಸಭೆಯೊಂದರಲ್ಲಿ ಇದನ್ನೇ ಕೇಳಿದೆ. ಎಲ್ಲರೂ ನಕ್ಕರು. ಕಾಫಿಯ ವೇಳೆಗೆ ಐವರು, ಒಬ್ಬೊಬ್ಬರಾಗಿ, ನನ್ನನ್ನು ಬದಿಗೆ ಕರೆದರು.