ಅನ್ಯರ ಹೆಸರಿನ ಅಂಗಡಿ

ಲೋಟ ತೊಳೆಯಲೆಂದು ಮುಂಬಯಿಗೆ ಬಂದ ಹುಡುಗನು ಕ್ರಮೇಣ ಮಾಣಿಯಾಗಿ, ಗಲ್ಲೆಯ ಮೇಲೆ ಕುಳಿತು, ಕೊನೆಗೆ ತಾನೇ ಉಪಾಹಾರಗೃಹವೊಂದರ ಒಡೆಯನಾದ ಉದಾಹರಣೆಗಳು ನಮ್ಮವರಲ್ಲಿ ವಿರಳವಲ್ಲ. ಆ ಏಣಿಯನ್ನೇರಲು ಬೇಕಾದುದು ಪರಿಶ್ರಮ, ಮಿತವ್ಯಯ ಮತ್ತು ನಾಲ್ವರ ವಿಶ್ವಾಸ. ಧಣಿಯ ಕೆಲಸ ಬಿಟ್ಟವನು ಊರನ್ನೂ ಬಿಡಬೇಕೆಂಬ ಕಾಯಿದೆ ಇಲ್ಲಿರಲಿಲ್ಲ. ಪರವಾನಗಿಯನ್ನು ಸ್ವಂತ ಹೆಸರಿನಲ್ಲಿಯೇ ಪಡೆಯಬಹುದಾಗಿತ್ತು.

ಇದೇ ಏಣಿಯು ಕಡಲಾಚೆಗೂ ಇರುವುದೆಂದು ನಂಬಿ, ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದ ನಮ್ಮ ತರುಣರು ಮೋಸಹೋಗಬಾರದೆಂಬುದೇ ನಮ್ಮ ಇಂದಿನ ಬಿನ್ನಹ. ಅಲ್ಲಿ ಉದ್ಯೋಗದ ವೀಸಾದ ಮೇಲೆ ಹೋದವನ ವಾಸ್ತವ್ಯವೇ ಅವನ ಉದ್ಯೋಗಕ್ಕೆ ಕಟ್ಟುಬಿದ್ದುದು. ಅಡುಗೆಯವನಾಗಿ ಹೋದವನಿಗೆ ದೊರೆತಿರುವುದು ಆ ಧಣಿಯಲ್ಲಿ ದುಡಿಯುವ ಅನುಮತಿಯೇ ಹೊರತು ವ್ಯಾಪಾರ ಮಾಡುವ ಅನುಮತಿಯಲ್ಲ. ನಾಲ್ಕಾರು ವರ್ಷ ದುಡಿದ ಬಳಿಕ ಅವನಿಗೂ ಒಂದು ಚಹದಂಗಡಿಯ ಆಸೆ ಹುಟ್ಟುವುದು ಸಹಜವೇ. ಆಗ ಸ್ಥಳೀಯನೊಬ್ಬನು ಮುಂದೆ ಬಂದು, “ಪರವಾನಗಿ ನನ್ನ ಹೆಸರಿನಲ್ಲಿರಲಿ, ವ್ಯಾಪಾರ ನಿನ್ನದೇ, ತಿಂಗಳಿಗಿಷ್ಟು ನನಗೆ ಕೊಟ್ಟರಾಯಿತು” ಎನ್ನುತ್ತಾನೆ. ಅನ್ಯರ ಹೊಲದಲ್ಲಿ ಬಾವಿ ತೋಡುವ ಕಾರ್ಯ ಅಲ್ಲಿಂದಲೇ ಆರಂಭ.

ಸೌದಿ ಅರೇಬಿಯಾದಲ್ಲಿ ಈ ವ್ಯವಹಾರಕ್ಕೆ ‘ತಸತ್ತುರ್’ ಎಂದು ಹೆಸರು. ಮರೆಮಾಚುವುದೆಂದು ಅದರ ಅರ್ಥ. 2020ರಲ್ಲಿ ಅಂಗೀಕೃತವಾದ ಅಲ್ಲಿನ ಕಾಯಿದೆಯಂತೆ ಹೆಸರು ಕೊಟ್ಟವನೂ ಅಂಗಡಿ ನಡೆಸಿದವನೂ ಇಬ್ಬರೂ ಅಪರಾಧಿಗಳು. 5 ವರ್ಷಗಳವರೆಗೆ ಸೆರೆ, 50 ಲಕ್ಷ ರಿಯಾಲುಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಪರದೇಶಿಯಾದವನಿಗೆ ಶಿಕ್ಷೆಯ ಬಳಿಕ ಗಡೀಪಾರು. ಪುನಃ ದುಡಿಯಲು ಅಲ್ಲಿಗೆ ಹೋಗುವಂತಿಲ್ಲ. ಹೆಸರಿನೊಡೆಯನು ಒಂದು ದಿನ ಅಂಗಡಿಗೆ ಬೀಗ ಹಾಕಿದರೆ ದೂರು ಕೊಡುವುದಾದರೂ ಹೇಗೆ? ದೂರೇ ತಪ್ಪೊಪ್ಪಿಗೆಯಾಗುವುದು!

ದೇಶದ ಕಾಯಿದೆಯನ್ನು ಗೌರವಿಸುವುದು ಅತಿಥಿಯ ಧರ್ಮ. ಆದರೆ ಬಡವನಿಗೆ ನೇರವಾದ ಬಾಗಿಲು ಕಿರಿದೆಂಬುದನ್ನೂ ಹೇಳದಿರಲಾಗದು. ಸೌದಿಯು 2019ರಲ್ಲಿ ಆರಂಭಿಸಿದ ವಿಶೇಷ ವಾಸ್ತವ್ಯ ಪರವಾನಗಿಯು ವ್ಯಾಪಾರಕ್ಕೆ ಅವಕಾಶ ಕೊಡುವುದೇನೋ ನಿಜ. ವರ್ಷಾವಧಿಯದಕ್ಕೆ ಆಗ ನಿಗದಿಯಾದ ಶುಲ್ಕ 1 ಲಕ್ಷ ರಿಯಾಲು! ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ 2021ರ ಜೂನ್ 1ರಿಂದ ಬಹುತೇಕ ಉದ್ಯಮಗಳಲ್ಲಿ ಪರದೇಶೀಯರಿಗೆ ಪೂರ್ಣ ಒಡೆತನ ಸಾಧ್ಯವಾಗಿರುವುದು ಸ್ವಾಗತಾರ್ಹ. ಆದರೆ ಅಲ್ಲಿಯೂ ನೌಕರಿಯಲ್ಲಿರುವವನು ಧಣಿಯ ಲಿಖಿತ ಸಮ್ಮತಿ ಹಾಗೂ ಸ್ವಂತ ಹೆಸರಿನ ಪರವಾನಗಿ ಇಲ್ಲದೆ ಹೆಜ್ಜೆಯಿಡುವುದು ಕ್ಷೇಮವಲ್ಲ.

ಇದು ದೂರದವರ ಚಿಂತೆಯೆಂದು ನಮ್ಮ ಓದುಗರು ಭಾವಿಸಬಾರದು. ಅಲ್ಲಿ ಹೂಡಿದ ಬಂಡವಾಳ ಅನೇಕ ವೇಳೆ ಇಲ್ಲಿಂದಲೇ ಹೋದುದು. ಅಣ್ಣನ ಭವಿಷ್ಯನಿಧಿಯ ಸಾಲ, ಅತ್ತಿಗೆಯ ಬಳೆ, ಹೋಟೆಲಿನ ಗೆಳೆಯರು ಕೂಡಿ ನಡೆಸಿದ ಚೀಟಿಯ ಹಣ. ಇದನ್ನು ಕೊಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿರಿ: ಪರವಾನಗಿ ಯಾರ ಹೆಸರಿನಲ್ಲಿದೆ? ಮಳಿಗೆಯ ಬಾಡಿಗೆ ಕರಾರು ಯಾರದು? ಬ್ಯಾಂಕಿನ ಖಾತೆ ಯಾರದು? ಉತ್ತರದಲ್ಲಿ ನಿಮ್ಮವನ ಹೆಸರಿಲ್ಲದಿದ್ದರೆ ಹಣ ಕೊಡದಿರುವುದೇ ನಿಜವಾದ ಉಪಕಾರ.

ಭಾರತೀಯ ದೂತಾವಾಸಗಳೂ ಕರ್ನಾಟಕದ ಅನಿವಾಸಿ ಭಾರತೀಯ ಸಮಿತಿಯೂ ಈ ನಿಯಮಗಳನ್ನು ಸರಳ ಕನ್ನಡದಲ್ಲಿ ಅಚ್ಚುಹಾಕಿಸಿ, ವಿಮಾನವೇರುವ ಮುನ್ನವೇ ಕೈಗೆ ಕೊಡತಕ್ಕದ್ದು. ನಮ್ಮ ಸಂಘಗಳೂ ವಾರ್ಷಿಕೋತ್ಸವದ ನಡುವೆ ಒಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಲಿ. ಅಲ್ಲಿ ಬಾಗಿಲು ತೆರೆಯದವರು ಉಳಿತಾಯದೊಡನೆ ತಾಯ್ನಾಡಿಗೆ ಮರಳುವುದು ಸೋಲೆಂದು ಯಾರೂ ಬಗೆಯದಿರಲಿ. ಇಲ್ಲಿ 2015ರಿಂದ ಮುದ್ರಾ ಯೋಜನೆಯಲ್ಲಿ ಸಣ್ಣ ಉದ್ಯಮಿಗಳಿಗೆ ಆಸ್ತಿಯ ಅಡವಿಲ್ಲದೆ ಸಾಲ ದೊರೆಯುತ್ತಿದೆ. ಬೆವರು ಸುರಿಸಿ ಕಟ್ಟಿದ ಅಂಗಡಿ ಚಿಕ್ಕದಾದರೂ ಚಿಂತೆಯಿಲ್ಲ. ಅದರ ಹಲಗೆಯ ಮೇಲಿನ ಹೆಸರು ತನ್ನದಾಗಿರಲಿ.