ಮುಧೋಳದ ನಾಯಿಗೆ ಅಂಚೆಚೀಟಿ, ಸಾಕಿದವರಿಗೆ?

ಮುಧೋಳ ಬೇಟೆನಾಯಿಯ ಕಥೆ ಶುರುವಾಗುವುದೇ ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆ ಅವರಿಂದ. ಅಳಿವಿನಂಚಿಗೆ ಸರಿಯುತ್ತಿದ್ದ ತಳಿಯನ್ನು ಆ ಸಂಸ್ಥಾನಿಕರು ಆರೈಕೆ ಮಾಡಿ ಉಳಿಸಿದರು, ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರು ಎಂಬುದು ಊರಿನ ಹೆಮ್ಮೆ.

ಆ ಬಳಿಕ ಗೌರವಗಳಿಗೆ ಕೊರತೆಯಾಗಲಿಲ್ಲ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚೀಟಿ ತಂದಿತು. 2016ರಲ್ಲಿ ಮರಿಗಳು ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದವು. 2020ರಲ್ಲಿ ಪ್ರಧಾನಿ 'ಮನ್ ಕೀ ಬಾತ್'ನಲ್ಲಿ ಹೊಗಳಿದರು.

ಆದರೆ ಅರಮನೆಯ ಕಾಲ ಮುಗಿದ ಮೇಲೆ ತಳಿಯನ್ನು ಕಾದವರು ಯಾರು?

ಮುಧೋಳ ಸೀಮೆಯ ರೈತರು, ಕುರಿಗಾಹಿಗಳು, ಬೇಟೆಗಾರ ಕುಟುಂಬಗಳು. ಉದ್ದ ಮೂತಿ, ಆಳವಾದ ಎದೆ, ಒಳಸೇರಿದ ಹೊಟ್ಟೆ ನೋಡಿ ಜೋಡಿ ಆರಿಸಿದವರು ಅವರೇ. ತಮ್ಮ ಮನೆಯ ಜೋಳ, ಹಾಲಿನಲ್ಲೇ ಮರಿಗಳಿಗೂ ಪಾಲು ಕೊಟ್ಟವರೂ ಅವರೇ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆಗೆ ಕಡಿವಾಣ ಬಿದ್ದಾಗ ಇಂಥ ನಾಯಿಯ ಮುಖ್ಯ ಕಸುಬೇ ಹೋಯಿತು. ಆದರೂ ಅವರು ಕೈಬಿಡಲಿಲ್ಲ.

ವಂಶಾವಳಿ ಪತ್ರದಲ್ಲಿ ನಾಯಿಯ ಅಪ್ಪ, ಅಜ್ಜನ ಹೆಸರಿರುತ್ತದೆ. ಈ ನಾಯಿಗಳನ್ನು ತಲೆಮಾರುಗಟ್ಟಲೆ ಸಾಕಿದವರ ಬದುಕು ಅದರಲ್ಲಿ ಹಿಡಿಸುವುದಿಲ್ಲ.

ಮುಧೋಳ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ತಳಿ ಶುದ್ಧತೆಗೆ ಕೊಡುವ ಗಮನದಲ್ಲಿ ಒಂದಿಷ್ಟನ್ನು ಸಾಕಿದವರಿಗೂ ಕೊಡಲಿ. ಹಿರಿಯರ ಅನುಭವವನ್ನು ಧ್ವನಿಮುದ್ರಿಸಿ, ತೀರಿಕೊಂಡವರ ಹೆಸರುಗಳನ್ನು ಊರುವಾರು ದಾಖಲಿಸಿ, ಕೇಂದ್ರದ ಗೋಡೆಯ ಮೇಲೆ ಬರೆಸಲಿ. ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ.